ಕೆಂಪು ವೈನಿನ ಕ್ರಾನ್‌ಬೆರಿ ಸಾಸ್: ಪಾಕದ ಕೈ ಮರೆತು ಮಾಡಿ

ಮೊದಲ ಸಲ ಮಾಡಿದ ಕ್ರಾನ್‌ಬೆರಿ ಸಾಸನ್ನು ನಾನು ಚಾಕುವಿನಲ್ಲಿ ಕುಯ್ದು ಬಡಿಸಿದೆ. ಚಮಚ ಒಳಗೆ ಇಳಿಯಲೇ ಇಲ್ಲ. ತಪ್ಪು ಹಣ್ಣಿನದ್ದಲ್ಲ, ವೈನಿನದ್ದೂ ಅಲ್ಲ, ನನ್ನ ಕೈಯದು. ತೀರ್ಥಹಳ್ಳಿ ಕಡೆ ಹುಟ್ಟಿ ಬೆಳೆದವಳು ನಾನು. ಬೆಲ್ಲ ಒಲೆ ಮೇಲಿಟ್ಟರೆ ಪಾಕ ಬರುವ ತನಕ ಕದಲಬಾರದು, ಗೊಜ್ಜು ಸೌಟಿಗೆ ಅಂಟುವ ತನಕ ಕುದಿಯಬೇಕು ಅಂತ ಕಲಿತ ಕೈ. ಸಾಸ್ ಪಾತ್ರೆಯಲ್ಲೇ ದಪ್ಪ ಕಾಣಲಿ ಅಂತ 25 ನಿಮಿಷ ಕುದಿಸಿದೆ. ರಾತ್ರಿ ನೋಡಲು ಚೆನ್ನಾಗೇ ಇತ್ತು. ಬೆಳಗ್ಗೆ ಫ್ರಿಜ್ಜಿನಿಂದ ತೆಗೆದರೆ ಅಚ್ಚುಬೆಲ್ಲ. ಅವ್ವ ಬಂದು ಇಣುಕಿ, “ಎಂತ ಮಾರಾಯ್ತಿ, ಸಾಸ್ ಅಂದೆ, ಬರ್ಫಿ ಮಾಡಿಟ್ಟಿದೀಯಲ್ಲ” ಅಂದಳು.

ಆಮೇಲೆ ನಾಲ್ಕು ಡಿಸೆಂಬರ್ ಕಳೆದಿವೆ. ಈಗ ಸರಿಯಾಗಿ ಬರುತ್ತದೆ. ಒಲೆಯ ಮುಂದೆ 15-20 ನಿಮಿಷದ ಕೆಲಸ, ಅದರಲ್ಲಿ ಕಲಿಯಬೇಕಾದ್ದು ಒಂದೇ: ಇನ್ನೂ ನೀರು ನೀರಾಗಿದೆ ಅನ್ನಿಸುವಾಗಲೇ ಒಲೆ ಆರಿಸುವುದು. ಮಿಕ್ಕದ್ದೆಲ್ಲ ಗೊಜ್ಜು ಮಾಡಲು ಬರುವ ಯಾರಿಗಾದರೂ ಬರುತ್ತದೆ.

ನಮ್ಮ ಮನೆಗೆ ಇದು ಬಂದದ್ದು ತಂಗಿಯ ಮಕ್ಕಳಿಂದ. ಅವರು ಬಾಸ್ಟನ್ ಪಕ್ಕದ ಊರಿನಲ್ಲಿದ್ದಾರೆ, ಕ್ರಿಸ್‌ಮಸ್ ರಜೆಗೆ ಶಿವಮೊಗ್ಗಕ್ಕೆ ಬರುತ್ತಾರೆ. ಅಜ್ಜಿಯ ಕೋಳಿ ಸಾರು, ಕಡುಬು ಎರಡು ದಿನ ಖುಷಿಯಾಗಿ ತಿಂದು, ಮೂರನೇ ದಿನ ಸುಟ್ಟ ಕೋಳಿ ಮತ್ತು ಅದರ ಪಕ್ಕಕ್ಕೆ ಈ ಕೆಂಪು ಸಾಸ್ ಕೇಳುತ್ತಾರೆ. ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನ ಹಿಂದಿನ ಬೀದಿಯ ಆಂಟಿ ಹಬ್ಬಕ್ಕೆ ಒಂದು ತಟ್ಟೆ ಕುಸ್ವಾರ್ ಕಳಿಸುವುದು ವಾಡಿಕೆ, ನೆವ್ರಿ, ಕಿಡಿಯೊ, ಗುಲಾಬಿ ಹೂವಿನ ಕುಕ್ಕಿಸ್ ಎಲ್ಲ ಇರುತ್ತದೆ. ಆ ತಟ್ಟೆಯನ್ನು ಬರಿದಾಗಿ ತಿರುಗಿಸಬಾರದಲ್ಲ. ಹಾಗಾಗಿ ಈಗ ಒಂದು ಬಾಟಲಿ ಸಾಸ್ ಅಲ್ಲಿಗೂ ಹೋಗುತ್ತದೆ.

ಹಣ್ಣು

ಕ್ರಾನ್‌ಬೆರಿ ಉತ್ತರ ಅಮೆರಿಕದ ಹಣ್ಣು. ಜೌಗು ನೆಲದಲ್ಲಿ, ನೆಲ ಬಿಟ್ಟು ಮೇಲೇಳದ ಹಂಬಿನಲ್ಲಿ ಬಿಡುತ್ತದೆ. ಅಮೆರಿಕದಲ್ಲಿ ಬೆಳೆಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ವಿಸ್ಕಾನ್ಸಿನ್ ರಾಜ್ಯದ್ದು, ಅದು ಬಿಟ್ಟರೆ ಮ್ಯಾಸಚೂಸೆಟ್ಸ್. ನೀರಿನ ಮೇಲೆ ಕೆಂಪು ಕಂಬಳಿ ಹಾಸಿದ ಹಾಗೆ ಹಣ್ಣು ತೇಲುವ ಚಿತ್ರ ನೋಡಿ, ಇದು ನೀರಲ್ಲೇ ಬೆಳೆಯುತ್ತದೆ ಅಂತ ನಾನೂ ನಂಬಿದ್ದೆ. ಹಾಗಲ್ಲವಂತೆ. ನಾವು ಗದ್ದೆಗೆ ನೀರು ಕಟ್ಟುವುದು ನಟ್ಟಿಗೆ, ಅವರು ಕಟ್ಟುವುದು ಕೊಯ್ಲಿಗೆ. ಹಣ್ಣಿನೊಳಗೆ ಗಾಳಿ ತುಂಬಿದ ನಾಲ್ಕು ಪುಟ್ಟ ಕೋಣೆಗಳಿವೆ. ಹಂಬಿನಿಂದ ಬಿಡಿಸಿದ ಕೂಡಲೇ ಹಣ್ಣು ಮೇಲಕ್ಕೆ ತೇಲಿ ಬರುತ್ತದೆ, ಬಾಚಿ ತುಂಬಿಕೊಳ್ಳುತ್ತಾರೆ. ಅದೇ ಗಾಳಿಯಿಂದಾಗಿ ಒಳ್ಳೆಯ ಹಣ್ಣನ್ನು ನೆಲಕ್ಕೆ ಬಿಟ್ಟರೆ ಚೆಂಡಿನ ಹಾಗೆ ಪುಟಿಯುತ್ತದೆ, ಕೊಳೆತದ್ದು ಬಿದ್ದಲ್ಲೇ ಕೂರುತ್ತದೆ. ಕೊಯ್ಲು ಸೆಪ್ಟೆಂಬರ್ ನಡುವೆ ಶುರುವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ನವೆಂಬರಿನ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಟರ್ಕಿ ಕೋಳಿಯ ಜೊತೆ ಈ ಸಾಸ್ ಇರಲೇಬೇಕು ಅನ್ನುವ ಪದ್ಧತಿ ಕೊಯ್ಲಿನ ಕಾಲಕ್ಕೆ ಸರಿಯಾಗಿ ಹೊಂದುತ್ತದೆ.

ಹಸಿಯಾಗಿ ಬಾಯಿಗೆ ಹಾಕಿಕೊಂಡರೆ ಮುಖ ಹಿಂಡುತ್ತದೆ. ಹುಳಿಯೂ ಹೌದು, ಒಗರೂ ಹೌದು.

ನಮ್ಮಲ್ಲಿ ಇದು ಮೂರು ರೂಪದಲ್ಲಿ ಕೈಗೆ ಸಿಗುತ್ತದೆ. ಮಂಜುಗಟ್ಟಿಸಿದ ಫ್ರೋಜನ್ ಹಣ್ಣು ಎಲ್ಲಕ್ಕಿಂತ ಒಳ್ಳೆಯದು. ನಾನು ತಂಗಿಯ ಕೈಯಲ್ಲಿ ಬೆಂಗಳೂರಿನಿಂದ ತರಿಸುತ್ತೇನೆ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಇಟ್ಟು ಜನಶತಾಬ್ದಿ ರೈಲಿನಲ್ಲಿ ಬರುತ್ತದೆ. ಮನೆ ಮುಟ್ಟುವಾಗ ಅರ್ಧ ಕರಗಿದ್ದರೂ ಚಿಂತೆಯಿಲ್ಲ, ಹೇಗೂ ಬೇಯಿಸುವುದೇ. ಎರಡನೆಯದು ಒಣ ಕ್ರಾನ್‌ಬೆರಿ, ಡ್ರೈಫ್ರೂಟ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಇದರಲ್ಲಿ ಸಕ್ಕರೆ ಮೊದಲೇ ಸೇರಿರುತ್ತದೆ, ಎಣ್ಣೆಯನ್ನೂ ಸವರಿರುತ್ತಾರೆ. ಕೊಳ್ಳುವ ಮೊದಲು ಪೊಟ್ಟಣದ ಹಿಂಭಾಗ ಓದಿ. ಮೂರನೆಯದು ಡಬ್ಬಿಯಲ್ಲಿ ಬರುವ ಸಿದ್ಧ ಸಾಸ್. ಅದನ್ನು ಕೊಂಡವರಿಗೆ ಈ ಲೇಖನ ಬೇಡ.

ವೈನ್

ವೈನ್ ಶಾಪ್ ಅಂತ ಬೋರ್ಡ್ ಹಾಕಿದ ಅಂಗಡಿಯಲ್ಲಿ ವೈನ್ ಕೇಳಿದರೆ ಹುಡುಗ ಒಂದು ಕ್ಷಣ ಯೋಚಿಸಿದ. ಮೇಲಿನ ಅಟ್ಟಣಿಗೆಯಿಂದ ಎರಡು ಬಾಟಲಿ ಇಳಿಸಿ, ಬಟ್ಟೆಯಲ್ಲಿ ಧೂಳು ಒರೆಸಿ, “ಇದು ಸಿಹಿ, ಇದು ಕಹಿ, ಯಾವ್ದು ಬೇಕು ಅಕ್ಕಾ?” ಅಂದ. ನಿಜ ಹೇಳಬೇಕೆಂದರೆ ಇದಕ್ಕಿಂತ ಚೆನ್ನಾಗಿ ನಾನೂ ವಿವರಿಸಲಾರೆ.

ಅವನು ಸಿಹಿ ಅಂದದ್ದು ನಮ್ಮಲ್ಲಿ ಪೋರ್ಟ್ ಅಂತ ಮಾರುವ ಸಿಹಿ ಕೆಂಪು ವೈನ್. ಕಹಿ ಅಂದದ್ದು ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್ ಥರದ ಸಿಹಿಯಿಲ್ಲದ ವೈನ್. ಸಾಸ್‌ಗೆ ಸಿಹಿಯಿಲ್ಲದ್ದೇ ಸರಿ, ಅದರಲ್ಲೂ ಒಗರು ಕಡಿಮೆಯಿದ್ದು ಹಣ್ಣಿನ ಪರಿಮಳ ಹೆಚ್ಚಿರುವುದು. ಶಿರಾಜ್ ಅಥವಾ ಮೆರ್ಲೋ ಸಿಕ್ಕರೆ ಕಣ್ಣುಮುಚ್ಚಿ ತನ್ನಿ. ಕ್ಯಾಬರ್ನೆ ಸಾಮಾನ್ಯವಾಗಿ ಗಡುಸು. ನಂದಿ ಬೆಟ್ಟದ ತಪ್ಪಲಿನ ವೈನ್ ಇರಲಿ, ನಾಸಿಕದ್ದಿರಲಿ, ಸಾಧಾರಣ ಬೆಲೆಯದ್ದು ಸಾಕು. ಅತಿ ದುಬಾರಿ ವೈನನ್ನು ಸಕ್ಕರೆ ಹಾಕಿ ಕುದಿಸುವುದೆಂದರೆ ರೇಷ್ಮೆ ಸೀರೆ ಉಟ್ಟು ಕೊಟ್ಟಿಗೆ ಗುಡಿಸಿದ ಹಾಗೆ. ಅತಿ ಅಗ್ಗದ್ದೂ ಬೇಡ, ಕುಡಿಯಲಾಗದ ವೈನ್ ಕುದಿದು ಗಟ್ಟಿಯಾದರೆ ಕೆಟ್ಟ ರುಚಿಯೂ ಗಟ್ಟಿಯಾಗುತ್ತದೆ. ಪೋರ್ಟ್ ಒಂದೇ ಸಿಕ್ಕಿದರೆ ಅದನ್ನೇ ಬಳಸಿ, ಸಕ್ಕರೆಯನ್ನು 50 ಗ್ರಾಂ ಕಡಿಮೆ ಮಾಡಿ.

ಒಗರಿನ ವಿಷಯ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಡಿಕೆ ಮನೆಯವರಿಗೆ ಚೊಗರು ಗೊತ್ತು. ಸುಲಿದ ಹಸಿ ಅಡಿಕೆಯನ್ನು ಒಂದಾದ ಮೇಲೊಂದು ಹಂಡೆ ಬೇಯಿಸುತ್ತ ಹೋದರೆ ನೀರು ಕೆಂಪಾಗಿ, ಕಪ್ಪಾಗಿ, ಕಡೆಗೆ ಕೈಗೆ ಹತ್ತಿದರೆ ವಾರವಾದರೂ ಬಿಡದಷ್ಟು ಮಂದವಾಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಒಗರು ಹೋಗುವುದಿಲ್ಲ. ವೈನಿನಲ್ಲಿರುವುದೂ ಅದೇ ಟ್ಯಾನಿನ್ ಬಳಗ. ಕ್ರಾನ್‌ಬೆರಿಯಲ್ಲೂ ಅದು ಇದೆ. ಒಗರಿನ ಹಣ್ಣಿಗೆ ಒಗರಿನ ವೈನ್ ಹಾಕಿ ಹೆಚ್ಚು ಹೊತ್ತು ಕುದಿಸಿದರೆ ನಾಲಿಗೆ ಮೇಲೆ ಚೊಗರೇ ಬಂದು ಕೂರುತ್ತದೆ, ಎಷ್ಟು ಸಕ್ಕರೆ ಸುರಿದರೂ ಮರೆಯಾಗುವುದಿಲ್ಲ.

ಪಾತ್ರೆ, ಅಳತೆ

ಹುಳಿ ಜೋರಾಗಿರುವ ಅಡುಗೆ ಇದು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಬೇಡ, ಅಲ್ಯೂಮಿನಿಯಂ ಬೇಡ. ತಳ ದಪ್ಪವಿರುವ ಸ್ಟೀಲ್ ಪಾತ್ರೆ ಒಳ್ಳೆಯದು. ಹಣ್ಣು ಹಾಕಿದಾಗ ಅರ್ಧಕ್ಕಿಂತ ಮೇಲೆ ಬರಬಾರದು, ನೊರೆ ಉಕ್ಕುತ್ತದೆ. ಗೊಜ್ಜಿಗೆ ಕಲ್ಲುಮರಿಗೆಯೇ ಸೈ ಅನ್ನುವವರಿಗೆ ಒಂದು ಮಾತು: ಹುಳಿಗೆ ಕಲ್ಲುಮರಿಗೆ ಏನೂ ಆಗುವುದಿಲ್ಲ, ಆದರೆ ಒಲೆ ಆರಿಸಿದ ಮೇಲೂ ಅದರೊಳಗಿನದು ಹತ್ತು ನಿಮಿಷ ಕುದಿಯುತ್ತಲೇ ಇರುತ್ತದೆ. ಗೊಜ್ಜಿಗೆ ಅದು ವರ, ಈ ಸಾಸ್‌ಗೆ ಶಾಪ. ನನ್ನ ಎರಡನೇ ವರ್ಷದ ಸಾಸ್ ಗಟ್ಟಿಯಾದದ್ದು ಹಾಗೆ. ಆ ಸಲ ಹೊತ್ತಿಗೆ ಸರಿಯಾಗಿಯೇ ಆರಿಸಿದ್ದೆ, ಪಾತ್ರೆ ಕೈಕೊಟ್ಟಿತು.

ಅಳತೆ ಬರೆದುಕೊಳ್ಳಿ. ಕ್ರಾನ್‌ಬೆರಿ 340 ಗ್ರಾಂ, ಅಮೆರಿಕದ ಪೊಟ್ಟಣ ಬರುವುದೇ 12 ಔನ್ಸ್ ಅಂದರೆ ಇಷ್ಟು. ಸಕ್ಕರೆ 200 ಗ್ರಾಂ. ಕೆಂಪು ವೈನ್ 240 ಮಿಲಿ, ಒಂದು ಅಳತೆ ಕಪ್. ಒಂದು ಕಿತ್ತಳೆಯ ಸಿಪ್ಪೆ, ಒಳಗಿನ ಬಿಳಿ ಪದರ ಸೇರದ ಹಾಗೆ ತೆಳುವಾಗಿ ಹೆರೆದದ್ದು. ಅದೇ ಕಿತ್ತಳೆಯ ರಸ ಕಾಲು ಕಪ್. ಬೆರಳುದ್ದ ದಾಲ್ಚಿನ್ನಿ, ಮೂರು ಲವಂಗ, ಜಜ್ಜಿದ ಕಾಳುಮೆಣಸು ಐದಾರು, ಚಿಟಿಕೆ ಉಪ್ಪು. ಇಷ್ಟರಿಂದ ಎರಡೂಕಾಲು ಕಪ್ ಸಾಸ್ ಆಗುತ್ತದೆ, ಎಂಟು ಹತ್ತು ಜನಕ್ಕೆ ಧಾರಾಳ.

ಏಲಕ್ಕಿ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ, ಪಾಯಸದ ನೆನಪು ಬಂದು ಕೋಳಿಯ ಜೊತೆ ಜಗಳವಾಡುತ್ತದೆ. ಕಾಳುಮೆಣಸು ಮಾತ್ರ ಬಿಡಬೇಡಿ. ಅಮೆರಿಕದ ಪಾಕವಿಧಾನಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ನಮ್ಮ ತೋಟದ ಮರಕ್ಕೆ ಹಬ್ಬಿದ ಬಳ್ಳಿಯದ್ದು ಅನ್ನುವ ಅಭಿಮಾನಕ್ಕೆ ಹಾಕಿದ್ದು, ಈಗ ಅದಿಲ್ಲದೆ ಸಪ್ಪೆ ಅನ್ನಿಸುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ ಅಂತ ಕೇಳುವವರಿರುತ್ತಾರೆ. ಹಾಕಬಹುದು, ಆದರೆ ಅರ್ಧಕ್ಕಿಂತ ಹೆಚ್ಚು ಬೇಡ. ಜೋನಿ ಬೆಲ್ಲದ ಘಮ ವೈನನ್ನು ನುಂಗಿಹಾಕುತ್ತದೆ, ದಾಸವಾಳದಂಥ ಕೆಂಪು ಹೋಗಿ ಕಾಫಿ ಬಣ್ಣ ಬರುತ್ತದೆ.

ಒಲೆ ಹಚ್ಚುವ ಮೊದಲು

ಒಂದು ಚಿಕ್ಕ ಸ್ಟೀಲ್ ತಟ್ಟೆಯನ್ನು ಫ್ರೀಜರ್‌ನಲ್ಲಿಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಈಗ ಇಡಿ. ಕುದಿ ಶುರುವಾದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಹಣ್ಣನ್ನು ತೊಳೆದು, ಮೆತ್ತಗಾದದ್ದು, ತೊಟ್ಟು, ಎಲೆ ಎಲ್ಲ ಆರಿಸಿ ತೆಗೆಯಿರಿ. ಫ್ರೋಜನ್ ಆದರೆ ಕರಗಿಸಿಕೊಂಡು ಕೂರಬೇಡಿ, ಹಾಗೇ ಹಾಕುವುದು.

ಒಲೆ ಹಚ್ಚಿದ ಮೇಲೆ

ಮೊದಲು ವೈನ್, ಸಕ್ಕರೆ, ದಾಲ್ಚಿನ್ನಿ, ಲವಂಗ, ಮೆಣಸು, ಕಿತ್ತಳೆ ಸಿಪ್ಪೆ ಇಷ್ಟನ್ನೇ ಪಾತ್ರೆಗೆ ಹಾಕಿ ಮಧ್ಯಮ ಉರಿಯಲ್ಲಿಡಿ. ಸಕ್ಕರೆ ಕರಗುವ ತನಕ ಕೈಯಾಡಿಸಿ. ಕುದಿ ಬಂದ ಮೇಲೆ ಐದು ನಿಮಿಷ ಕುದಿಯಲಿ. ಬಾಗಿ ಮೂಸಿ ನೋಡಿದರೆ ಶುರುವಿಗೆ ಮೂಗಿಗೆ ಚುಚ್ಚುವ ಘಾಟು ಇರುತ್ತದೆ, ಐದು ನಿಮಿಷದಲ್ಲಿ ಅದು ಇಳಿದು ದ್ರಾಕ್ಷಿಯ, ದಾಲ್ಚಿನ್ನಿಯ ಪರಿಮಳ ಮೇಲೆ ಬರುತ್ತದೆ. ಗ್ಯಾಸ್ ಒಲೆಯಾದರೆ ಪಾತ್ರೆಯ ಅಂಚಿಗೆ ಉರಿ ಏರದ ಹಾಗೆ ನೋಡಿಕೊಳ್ಳಿ, ವೈನಿನ ಆವಿಗೆ ಬೆಂಕಿ ಹಿಡಿಯಬಹುದು.

ಈಗ ಹಣ್ಣು, ಕಿತ್ತಳೆ ರಸ, ಉಪ್ಪು. ಕುದಿ ನಿಲ್ಲುತ್ತದೆ, ಮತ್ತೆ ಬರಲು ಎರಡು ಮೂರು ನಿಮಿಷ ಬೇಕು. ಆಮೇಲೆ ನಿಜವಾದ ತಮಾಷೆ. ಹಣ್ಣುಗಳು ಒಂದೊಂದೇ ಟಪ್ ಟಪ್ ಅಂತ ಸಿಡಿಯತೊಡಗುತ್ತವೆ. ಒಗ್ಗರಣೆಯ ಸಾಸಿವೆಯಷ್ಟು ಚುರುಕಾಗಿ ಅಲ್ಲ, ಒದ್ದೆ ಸೌದೆ ಒಲೆಯಲ್ಲಿ ಚಿಟಗುಟ್ಟುವ ಹಾಗೆ, ನಿಂತು ನಿಂತು. ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಸಿಪ್ಪೆ ಸೀಳುತ್ತದೆ. ಹತ್ತಿರ ನಿಂತು ನೋಡಿದರೆ ದುಂಡಗಿನ ಹಣ್ಣಿನ ಹೊಟ್ಟೆಯಲ್ಲಿ ಒಂದು ಬಿರುಕು ಬಿದ್ದು, ಒಳಗಿನ ಗುಲಾಬಿ ತಿರುಳು ಹೊರಗೆ ತಳ್ಳಿಕೊಂಡು ಬರುತ್ತದೆ. ಮೇಲೆ ಗುಲಾಬಿ ನೊರೆ ಕಟ್ಟುತ್ತದೆ, ಅದನ್ನು ಸೌಟಿನಲ್ಲಿ ತೆಗೆಯಿರಿ. ಬಿಳಿ ಬಟ್ಟೆ ಉಟ್ಟವರು ದೂರ ನಿಲ್ಲಿ.

ಉರಿ ಸಣ್ಣ ಮಾಡಿ. ಆಗಾಗ ತಳ ಮುಟ್ಟುವ ಹಾಗೆ ತಿರುವಿ, ಆದರೆ ಹಣ್ಣನ್ನು ಜಜ್ಜಬೇಡಿ. ಗಡಿಯಾರ ನೋಡಿಕೊಳ್ಳಿ. ಕುದಿ ಮರಳಿ ಬಂದಲ್ಲಿಂದ ಎಂಟು ನಿಮಿಷಕ್ಕೆ ಮೂರರಲ್ಲಿ ಎರಡು ಪಾಲು ಹಣ್ಣು ಒಡೆದಿರುತ್ತದೆ, ಒಂದು ಪಾಲು ಇಡಿಯಾಗಿ ಉಳಿದಿರುತ್ತದೆ. ರಸ ತೆಳ್ಳಗಿನ ಸಾರಿನ ಹಾಗಿರುತ್ತದೆ. ಸೌಟೆತ್ತಿದರೆ ಜರ್ರನೆ ಇಳಿಯುತ್ತದೆ. ಇಲ್ಲಿಯೇ ನಮ್ಮ ಕೈ ಮೋಸ ಮಾಡುವುದು. ಇನ್ನೊಂದು ಹತ್ತು ನಿಮಿಷ ಇರಲಿ ಅನ್ನಿಸುತ್ತದೆ. ಬೇಡ.

ಫ್ರೀಜರ್‌ನಲ್ಲಿಟ್ಟ ತಟ್ಟೆ ಈಗ ತೆಗೆಯಿರಿ. ಒಲೆಯ ಉರಿ ಪೂರ್ತಿ ಇಳಿಸಿ, ಅರ್ಧ ಚಮಚ ರಸವನ್ನು ತಟ್ಟೆಗೆ ಬಿಟ್ಟು ಒಂದು ನಿಮಿಷ ಕಾಯಿರಿ. ನಡುವೆ ಬೆರಳಿನಲ್ಲಿ ಗೆರೆ ಎಳೆಯಿರಿ. ಎರಡೂ ಬದಿಯ ರಸ ಮತ್ತೆ ಬಂದು ಕೂಡಿಕೊಳ್ಳದೆ ಗೆರೆ ಗೆರೆಯಾಗಿಯೇ ಉಳಿದರೆ ಮುಗಿಯಿತು, ಒಲೆ ಆರಿಸಿ. ಕೂಡಿಕೊಂಡರೆ ಇನ್ನೆರಡು ನಿಮಿಷ ಕುದಿಸಿ ಮತ್ತೆ ನೋಡಿ. ಒಟ್ಟು 12 ನಿಮಿಷ ದಾಟಬೇಕಾದ ಸಂದರ್ಭ ನನಗೆ ಬಂದಿಲ್ಲ. ಎಳೆ ಪಾಕ ಬಂತೇ ಅಂತ ಎರಡು ಬೆರಳಲ್ಲಿ ಹಿಡಿದು ನೋಡುವುದು, ನೀರಿಗೆ ಹನಿ ಬಿಟ್ಟು ಉಂಡೆ ಕಟ್ಟುವುದು, ಇವೆರಡನ್ನೂ ಇಲ್ಲಿ ಮಾಡಬೇಡಿ. ಆ ಪರೀಕ್ಷೆಗಳು ಸಕ್ಕರೆಗೆ, ಇಲ್ಲಿ ಕಟ್ಟಬೇಕಾದ್ದು ಹಣ್ಣು.

ಇದರ ಒಳಗುಟ್ಟು ಪೆಕ್ಟಿನ್. ಹಣ್ಣಿನ ಗೋಡೆಗಳಲ್ಲಿ ಇರುವ ಅಂಟು ಅದು, ಕ್ರಾನ್‌ಬೆರಿಯಲ್ಲಿ ಯಥೇಚ್ಛವಾಗಿದೆ. ಬಿಸಿ ತಾಗಿದಾಗ ರಸಕ್ಕೆ ಬಿಟ್ಟುಕೊಳ್ಳುತ್ತದೆ. ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಹುಳಿ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಹತ್ತಿರ ತರುತ್ತದೆ. ಆದರೆ ಅವು ಬಲೆಯಾಗಿ ಹೆಣೆದುಕೊಳ್ಳುವುದು ತಣ್ಣಗಾಗುವಾಗ ಮಾತ್ರ. ಹಾಗಾಗಿ ಒಲೆಯ ಮೇಲೆ ದಪ್ಪ ಕಾಣುವ ತನಕ ಕಾದರೆ ತಣಿದ ಮೇಲೆ ಇನ್ನೂ ದಪ್ಪವಾಗಿ ಕಲ್ಲಾಗುತ್ತದೆ. ಅದನ್ನೂ ಮೀರಿ ಕುದಿಸುತ್ತ ಹೋದರೆ ಪೆಕ್ಟಿನ್ನೇ ಮುರಿದು ಕಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ, ಕಡೆಗೆ ಉಳಿಯುವುದು ಬರೀ ಅಂಟು ಅಂಟಾದ ಸಕ್ಕರೆ ಪಾಕ.

ದಾಲ್ಚಿನ್ನಿ, ಲವಂಗ, ಸಿಪ್ಪೆ ಹುಡುಕಿ ತೆಗೆಯಿರಿ. ಲವಂಗ ಮೂರೂ ಸಿಕ್ಕಿತೇ ಎಣಿಸಿ, ಬಾಯಿಗೆ ಸಿಕ್ಕರೆ ಆ ತುತ್ತಿನ ಕಥೆ ಮುಗಿಯಿತು. ಪಾತ್ರೆಯಲ್ಲೇ ಬಿಡದೆ ಗಾಜಿನ ಅಥವಾ ಪಿಂಗಾಣಿ ಬಟ್ಟಲಿಗೆ ಸುರಿದು, ಬಿಸಿ ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಒಂದು ರಾತ್ರಿ ಕಳೆಯಲಿ. ಮಾಡಿದ ದಿನ ವೈನ್ ಒಂದು ಕಡೆ, ಹಣ್ಣು ಒಂದು ಕಡೆ ನಿಂತಿರುತ್ತವೆ, ಮರುದಿನಕ್ಕೆ ರಾಜಿಯಾಗುತ್ತವೆ.

ಮಕ್ಕಳಿಗೆ ಕೊಡಬಹುದೇ?

ಕುದಿಸಿದರೆ ಆಲ್ಕೋಹಾಲ್ ಎಲ್ಲ ಹಾರಿಹೋಗುತ್ತದೆ ಅನ್ನುವ ಮಾತು ಪೂರ್ತಿ ಸರಿಯಲ್ಲ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ ನಿಜ, ಆದರೆ ನೀರಿನ ಜೊತೆ ಬೆರೆತಾಗ ಅಷ್ಟು ಸಲೀಸಾಗಿ ಬಿಟ್ಟು ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ 15 ನಿಮಿಷ ಕುದಿಸಿದ ಅಡುಗೆಯಲ್ಲಿ ಹಾಕಿದ್ದರ 40 ಶೇಕಡ ಉಳಿದಿರುತ್ತದೆ, ಅರ್ಧ ಗಂಟೆಗೆ 35 ಶೇಕಡ, ಎರಡೂವರೆ ಗಂಟೆಗೆ 5 ಶೇಕಡ. ಲೆಕ್ಕ ಹಾಕಿ ನೋಡಿ. 240 ಮಿಲಿ ವೈನಿನಲ್ಲಿ ಸುಮಾರು 30 ಮಿಲಿ ಆಲ್ಕೋಹಾಲ್. ಅದರ 40 ಶೇಕಡ ಅಂದರೆ 12 ಮಿಲಿ ಇಡೀ ಬಟ್ಟಲಿನಲ್ಲಿ ಹಂಚಿಕೊಂಡಿರುತ್ತದೆ. ಒಂದು ದೊಡ್ಡ ಚಮಚ ಸಾಸ್‌ನಲ್ಲಿ ಮೂರನೇ ಒಂದು ಮಿಲಿಯಷ್ಟು. ಅಮಲು ಏರುವ ಪ್ರಮಾಣವಲ್ಲ, ಆದರೆ ಸೊನ್ನೆಯೂ ಅಲ್ಲ. ವ್ರತ, ಧರ್ಮ, ಬಸಿರು, ಔಷಧಿ, ಕುಡಿತ ಬಿಟ್ಟ ಹಠ, ಯಾವ ಕಾರಣಕ್ಕಾದರೂ ಬೇಡವೆನ್ನುವವರು ನಿಮ್ಮ ಪಂಕ್ತಿಯಲ್ಲಿರಬಹುದು. ಬಡಿಸುವ ಮುಂಚೆ ಬಾಯಿಬಿಟ್ಟು ಹೇಳಿ.

ನಾನು ಮಕ್ಕಳಿಗೆ, ಅವ್ವನಿಗೆ ಬೇರೆ ಮಾಡುತ್ತೇನೆ. ವೈನಿನ ಬದಲು ಅಷ್ಟೇ ಅಳತೆ ಬೆಂಗಳೂರು ನೀಲಿ ದ್ರಾಕ್ಷಿಯ ರಸ, ಸಕ್ಕರೆ 150 ಗ್ರಾಂ, ಜೊತೆಗೆ ಬಿಸಿನೀರಿನಲ್ಲಿ ನೆನೆಸಿದ ಮುರುಗಲು ಸಿಪ್ಪೆ ಎರಡು. ಆ ದ್ರಾಕ್ಷಿಗೆ ತನ್ನದೇ ಘಮ ಇದೆ, ವೈನಿಲ್ಲ ಅನ್ನುವ ಕೊರತೆ ಕಾಣುವುದಿಲ್ಲ.

ಒಣ ಹಣ್ಣು ಮಾತ್ರ ಇದ್ದರೆ

200 ಗ್ರಾಂ ಒಣ ಕ್ರಾನ್‌ಬೆರಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಬಸಿಯಿರಿ, ಮೇಲಿನ ಎಣ್ಣೆಯೂ ಹೋಗುತ್ತದೆ. ಒಣ ಹಣ್ಣು ತಾನಾಗಿ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಅದಕ್ಕೆ ಒಂದು ಹುಳಿ ಸೇಬನ್ನು ಸಿಪ್ಪೆ ಸಮೇತ ತುರಿದು ಹಾಕಿ, ಸೇಬಿನ ಪೆಕ್ಟಿನ್ ನೆರವಿಗೆ ಬರುತ್ತದೆ. ವೈನ್ ಒಂದು ಕಪ್, ನೀರು ಅರ್ಧ ಕಪ್, ಸಕ್ಕರೆ ಎರಡೇ ದೊಡ್ಡ ಚಮಚ, ಕಡೆಯಲ್ಲಿ ಒಂದು ನಿಂಬೆಹಣ್ಣಿನ ರಸ. 15 ನಿಮಿಷ ಕುದಿಸಿ. ಇದು ಸಿಡಿಯುವುದಿಲ್ಲ, ಹೊಳಪೂ ಕಡಿಮೆ, ಚಟ್ನಿಯ ಹಾಗಿರುತ್ತದೆ. ಕೆಟ್ಟದ್ದಲ್ಲ, ಆದರೆ ಇದನ್ನೇ ತಿಂದು ಕ್ರಾನ್‌ಬೆರಿ ಸಾಸ್ ಅಂದರೆ ಇಷ್ಟೇ ಅಂದುಕೊಳ್ಳಬೇಡಿ.

ಅದಕ್ಕಿಂತ ಕವಳೆ ವಾಸಿ

ಕವಳೆ ಅನ್ನಿ, ಕೌಳಿ ಅನ್ನಿ, ಘಟ್ಟದ ಕೆಳಗಿನವರ ಹಾಗೆ ಕರಂಡೆ ಅನ್ನಿ. ಬ್ಯಾಣದ ಅಂಚಿನ ಮುಳ್ಳುಕಂಟಿಯಲ್ಲಿ ಬಿಡುವ ಈ ಹಣ್ಣು ಕ್ರಾನ್‌ಬೆರಿಯ ಸಂಬಂಧಿಯೇನಲ್ಲ, ಕುಲವೇ ಬೇರೆ. ಆದರೆ ಹುಳಿ, ಒಗರು, ಕೆಂಪು, ಪೆಕ್ಟಿನ್ ನಾಲ್ಕರಲ್ಲೂ ಜೋಡಿ. ಬೇಕರಿಯ ಕೇಕಿನ ಮೇಲೆ ಚೆರ್ರಿ ಅಂತ ಕೂರಿಸುವ ಹಣ್ಣು ಎಷ್ಟೋ ಸಲ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಇದೇ ಕಾಯಿ. ಚೆರ್ರಿಯ ವೇಷ ಹಾಕಿದವನಿಗೆ ಕ್ರಾನ್‌ಬೆರಿಯ ಪಾತ್ರ ಕೊಟ್ಟರೆ ತಪ್ಪೇನು?

ತೊಡಕಿರುವುದು ಕಾಲದಲ್ಲಿ. ಕವಳೆ ಬಿಡುವುದು ಬೇಸಿಗೆಯಲ್ಲಿ, ಮಳೆ ಹಿಡಿಯುವ ಮುಂಚೆ. ಹಬ್ಬ ಬರುವುದು ಡಿಸೆಂಬರಿನಲ್ಲಿ. ಹಣ್ಣು ಸೀಳಿ ಬೀಜ ತೆಗೆದು ಫ್ರೀಜರ್‌ನಲ್ಲಿಟ್ಟರೆ ಉಳಿಯುತ್ತದೆ, ಶಿವಮೊಗ್ಗ ಪೇಟೆಯಲ್ಲಿ. ತವರಿನ ಫ್ರೀಜರ್‌ನಲ್ಲಿಟ್ಟ ಎರಡು ಕೆಜಿ, ಮೊದಲ ಗಾಳಿಮಳೆಗೆ ಹೋದ ಕರೆಂಟು ನಾಲ್ಕು ದಿನ ಬಾರದೆ, ಗೊಬ್ಬರದ ಗುಂಡಿ ಸೇರಿತು. ಅಂಥ ಕಡೆ ಇರುವವರು ಮೇ ತಿಂಗಳಲ್ಲೇ ಸಾಸ್ ಮಾಡಿ ಮೇ ತಿಂಗಳಲ್ಲೇ ತಿನ್ನಿ. ಕ್ರಿಸ್‌ಮಸ್ ಕಾಯಬೇಕೆಂದು ಯಾರೂ ಹೇಳಿಲ್ಲ.

ಅರ್ಧ ಕಿಲೋ ದೋರೆ ಹಣ್ಣು ತೆಗೆದುಕೊಳ್ಳಿ, ಕೆಂಪೇರಿರಬೇಕು, ಪೂರ್ತಿ ಕಪ್ಪಾಗಿರಬಾರದು. ಕಪ್ಪಾದ ಕವಳೆ ತಿನ್ನಲು ರುಚಿ, ಸಾಸ್‌ಗೆ ಹುಳಿ ಸಾಲದು. ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಇಲ್ಲವಾದರೆ ಬಿಳಿ ಸೊನೆ ಮೇಣದ ಹಾಗೆ ಹಿಡಿದು ಸೋಪಿಗೂ ಬಗ್ಗುವುದಿಲ್ಲ. ಎರಡು ಹೋಳು ಮಾಡಿ, ಬೀಜ ತೆಗೆದು, ಉಪ್ಪುನೀರಿನಲ್ಲಿ ಒಂದು ಗಂಟೆ ಬಿಟ್ಟು, ಎರಡು ಸಲ ತೊಳೆಯಿರಿ. ಇಲ್ಲಿ ಕ್ರಮ ಉಲ್ಟಾ: ಮೊದಲು ಬರೀ ಅರ್ಧ ಕಪ್ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ, ಸಿಪ್ಪೆ ಮೆತ್ತಗಾಗಲಿ. ಸಕ್ಕರೆ ಮೊದಲೇ ಹಾಕಿದರೆ ಸಿಪ್ಪೆ ಬಿರುಸಾಗಿ ಉಳಿಯುತ್ತದೆ. ಆಮೇಲೆ 300 ಗ್ರಾಂ ಸಕ್ಕರೆ, ಮುಕ್ಕಾಲು ಕಪ್ ವೈನ್, ದಾಲ್ಚಿನ್ನಿ, ಮೆಣಸು. ಮತ್ತೆ ಹತ್ತು ನಿಮಿಷ, ಮತ್ತೆ ಅದೇ ತಣ್ಣನೆ ತಟ್ಟೆ, ಅದೇ ಗೆರೆ.

ಯಾವುದರ ಜೊತೆ

ಸುಟ್ಟ ಕೋಳಿಗೆ ಹೇಳಿ ಮಾಡಿಸಿದ್ದು. ಹಂದಿ ಮಾಂಸಕ್ಕೆ ಇನ್ನೂ ಚೆನ್ನ, ಕೊಬ್ಬಿನ ಜಿಡ್ಡನ್ನು ಹುಳಿ ಕಡಿದುಹಾಕುತ್ತದೆ. ಮಸಾಲೆ ಹೆಚ್ಚಿರುವ ನಮ್ಮ ಹಂದಿ ಹುರಿದದ್ದಕ್ಕೆ ಬೇಡ, ಬರೀ ಉಪ್ಪು ಮೆಣಸಿನಲ್ಲಿ ಸುಟ್ಟದ್ದಕ್ಕೆ ಹಾಕಿ. ಮಾಂಸ ತಿನ್ನದವರು ಹುರಿದ ಪನೀರಿಗೆ, ಬೆಣ್ಣೆ ಸವರಿದ ಅಕ್ಕಿರೊಟ್ಟಿಗೆ. ನೀರುದೋಸೆಗೆ ಹಾಕಿ ನೋಡಿದೆವು, ದೋಸೆ ಸೋತಿತು.

ಕೆಟ್ಟರೆ, ಉಳಿದರೆ

ಗಟ್ಟಿಯಾಗಿದ್ದರೆ ಎರಡು ಮೂರು ಚಮಚ ಬಿಸಿನೀರು ಅಥವಾ ಕಿತ್ತಳೆ ರಸ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ನೀರಾಗಿದ್ದರೆ ಮೊದಲು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ನೋಡಿ, ಆಮೇಲೂ ನೀರಾಗಿದ್ದರೆ ಮೂರು ನಿಮಿಷ ಕುದಿಸಿ. ಒಗರು ಹೆಚ್ಚಾಗಿದ್ದರೆ ಚಿಟಿಕೆ ಉಪ್ಪು ಮತ್ತು ಒಂದು ಚಮಚ ಬೆಣ್ಣೆ, ಸಕ್ಕರೆಗಿಂತ ಅದು ಬೇಗ ನಾಟುತ್ತದೆ.

ಬಿಸಿನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಯಲ್ಲಿ, ಒದ್ದೆ ಚಮಚ ಮುಟ್ಟಿಸದಿದ್ದರೆ, ಫ್ರಿಜ್ಜಿನಲ್ಲಿ ಹತ್ತು ಹನ್ನೆರಡು ದಿನ ಇರುತ್ತದೆ. ಉಪ್ಪಿನಕಾಯಿಯ ಹಾಗೆ ಕಪಾಟಿನಲ್ಲಿಡುವ ಪದಾರ್ಥವಲ್ಲ ಇದು, ನಮ್ಮ ಥಂಡಿಗೆ ಬೂಷ್ಟು ಬರುತ್ತದೆ. ಬೂಷ್ಟು ಕಂಡರೆ ಮೇಲಿನದ್ದಷ್ಟೇ ತೆಗೆದು ತಿನ್ನುವ ಉಳಿತಾಯ ಬೇಡ, ಪೂರ್ತಿ ಚೆಲ್ಲಿ.

ಇನ್ನು 750 ಮಿಲಿ ಬಾಟಲಿಯಲ್ಲಿ ಅರ್ಧ ಲೀಟರ್ ವೈನ್ ಉಳಿದಿರುತ್ತದೆ. ಕುಡಿಯುವವರಿರುವ ಮನೆಯಲ್ಲಿ ಇದು ಸಮಸ್ಯೆಯೇ ಅಲ್ಲ. ನಮ್ಮಲ್ಲಿ ಅದನ್ನು ಐಸ್ ಟ್ರೇಗೆ ಹುಯ್ದು ಫ್ರೀಜರ್‌ನಲ್ಲಿಡುತ್ತೇನೆ, ಮುಂದಿನ ಸಲಕ್ಕೆ ಎಂಟು ಗಟ್ಟಿ ತೆಗೆದರೆ ಹತ್ತಿರ ಹತ್ತಿರ ಅರ್ಧ ಕಪ್ ಆಗುತ್ತದೆ. ಟ್ರೇ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ. ಕಳೆದ ಏಪ್ರಿಲ್‌ನಲ್ಲಿ ಬಿಸಿಲಿಗೆ ಬಂದ ನೆಂಟರೊಬ್ಬರಿಗೆ ಅವ್ವ ಅದನ್ನು ಮುರುಗಲು ಶರಬತ್ತಿನ ಗಟ್ಟಿ ಅಂದುಕೊಂಡು ಲೋಟಕ್ಕೆ ನಾಲ್ಕು ಹಾಕಿ, ನೀರು ಸಕ್ಕರೆ ಬೆರೆಸಿ ಕೊಟ್ಟಿದ್ದಳು. ಅವರು ಎರಡನೇ ಲೋಟ ಕೇಳಿದ ಮೇಲೆಯೇ ನಮಗೆ ಗೊತ್ತಾದದ್ದು.